ಕೈ ಎಟುಕುವಷ್ಟು

ಪಾಲಿಶಿನವನು ಟಾರ್ಚು ಬಿಟ್ಟದ್ದೇ ತಡ, ಕಪ್ಪು ಕಾರಿನ ಬಾನೆಟ್ಟಿನ ತುಂಬ ಜೇಡರ ಬಲೆ ಎದ್ದು ನಿಂತಿತು. ಬೆಳಕು ಸರಿದಲ್ಲೆಲ್ಲ ಕೂದಲೆಳೆಯಂಥ ಗೀರುಗಳು, ಸುತ್ತು ಸುತ್ತಾಗಿ. ಅವನು ಬಗ್ಗಿ ನೋಡಿದ, ಎದ್ದು ನೋಡಿದ, ಆಮೇಲೆ ಅತ್ತೆ ಸೊಸೆ ಇಬ್ಬರನ್ನೂ ನೋಡಿದ.

"ಇದನ್ನ ಒರೆಸ್ತಿದ್ದಿದ್ದು ಯಾರು?"

"ನನ್ನ ಮಗ," ಎಂದರು ಅತ್ತೆ, ಕಣ್ಣು ಮಿಟುಕಿಸದೆ.

ಸೊಸೆ ಅತ್ತೆಯ ಕಡೆ ತಿರುಗಿ ನೋಡಿದಳು. ಅವಳ ಗಂಡ ಬದುಕಿದ್ದಷ್ಟು ದಿನ ಈ ಕಾರಿಗೆ ಬಟ್ಟೆ ಮುಟ್ಟಿಸಿದವನಲ್ಲ. ಮಳೆ ಬಂದರೆ ತಾನೇ ತೊಳೆದುಕೊಳ್ಳುತ್ತದೆ ಎನ್ನುತ್ತಿದ್ದ. ಬರದಿದ್ದರೆ ಬಾನೆಟ್ಟಿನ ಧೂಳಿನ ಮೇಲೆ ಬೆರಳಲ್ಲಿ ಬೆಕ್ಕಿನ ಮುಖ ಬರೆದು ಕೆಲಸಕ್ಕೆ ಹೊರಟುಬಿಡುತ್ತಿದ್ದ. ಒರೆಸುವುದು ಶುರುವಾದದ್ದೇ ಅವನು ಹೋದ ಮೇಲೆ. ದಿನಾ ಬೆಳಿಗ್ಗೆ ಕಾಫಿಗೂ ಮುಂಚೆ ಅತ್ತೆ ಅವನ ಹಳೇ ಬನಿಯನ್ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು. ನೀರಿಲ್ಲ, ಸೋಪಿಲ್ಲ, ಮಗುವಿನ ಬೆನ್ನು ತಿಕ್ಕಿದ ಹಾಗೆ ಸುತ್ತಿಸಿ ಸುತ್ತಿಸಿ ಒರೆಸುತ್ತಿದ್ದರು.

ಸೊಸೆಯ ಅಣ್ಣ ಗೊತ್ತು ಮಾಡಿದ ಗಿರಾಕಿ ಹೋದ ವಾರ ಬಂದು, ಕಾರು ಓಡಿಸಿ ಖುಷಿಪಟ್ಟು, ಬಿಸಿಲಿಗೆ ನಿಲ್ಲಿಸಿದವನೇ ಮುಖ ಹುಳ್ಳಗೆ ಮಾಡಿಕೊಂಡಿದ್ದ. ಗೀರು ಹೋದರೆ ತಗೊಳ್ತೀನಿ, ಇಲ್ಲದಿದ್ದರೆ ಬೇಡ ಅಂದಿದ್ದ. ಇವತ್ತು ಸಂಜೆ ಮತ್ತೆ ಬರುವವನಿದ್ದ. ಸೊಸೆಗೆ ಕಾರು ಓಡಿಸಲು ಬಾರದು. ನಿಂತ ಕಾರು ಕೆಡುತ್ತದೆ ಎಂದು ಅಣ್ಣ ಹೇಳಿದಾಗ ಹೂಂ ಅಂದಿದ್ದಳು. ಈಚೆಗೆ ಅವಳು ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದಳು. ಅತ್ತೆ ಮಾತ್ರ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ನಿನ್ನ ಕಾರು, ನಿನ್ನಿಷ್ಟ ಎಂದು ಹೇಳಿ ಬನಿಯನ್ ಒಗೆಯಲು ಹೋಗಿದ್ದರು.

ಪಾಲಿಶಿನವನು ಕಾರನ್ನು ಒಂದು ಸುತ್ತು ಹಾಕಿ ಬಂದ. "ನಿಮ್ಮ ಮಗ ಕುಳ್ಳಗಿದ್ರಾ, ಅಮ್ಮ?"

ಅತ್ತೆಗೆ ರೇಗಿತು. "ಆರಡಿ ಇದ್ದ. ಬಾಗಿಲಲ್ಲಿ ತಲೆ ಬಗ್ಗಿಸಿ ಬರ್ತಿದ್ದ."

"ಹಾಗಾದ್ರೆ ಟಾಪ್ ಯಾಕೆ ಬಿಟ್ಟುಬಿಟ್ರು?"

ಟಾರ್ಚಿನ ಬೆಳಕು ಕಾರಿನ ನೆತ್ತಿಗೆ ಹೋಯಿತು. ಅಂಚಿನಿಂದ ಒಂದು ಗೇಣು ಒಳಗೆ ಬಲೆ ಗೆರೆ ಎಳೆದಂತೆ ನಿಂತುಬಿಟ್ಟಿತ್ತು. ಅದರಾಚೆ ಒಂದು ಗೀರೂ ಇಲ್ಲ. ಅವನು ಆ ಅಂಚನ್ನೊಮ್ಮೆ, ಅತ್ತೆಯ ಎತ್ತರವನ್ನೊಮ್ಮೆ ನೋಡಿ, ಕಾರಿನ ರಬ್ಬರಿಗೆಲ್ಲ ಟೇಪು ಅಂಟಿಸತೊಡಗಿದ. ಅತ್ತೆ ಬನಿಯನ್ ಹಿಡಿದ ಕೈಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಒಯ್ದರು.

ಮೆಷಿನ್ ಗುಯ್‌ಗುಟ್ಟಿತು. ಸ್ಪಾಂಜಿಗೆ ನಾಲ್ಕು ಹನಿ ಪಾಲಿಶ್ ಬಿಟ್ಟು ಅವನು ಒಂದೊಂದೇ ಅಂಗೈಯಗಲ ಜಾಗ ತಿಕ್ಕುತ್ತ ಹೋದ ಹಾಗೆ ಬಲೆ ಕರಗುತ್ತ ಬಂತು. ಅತ್ತೆ ಕುರ್ಚಿ ತರಿಸಿಕೊಂಡು ಪಕ್ಕದಲ್ಲೇ ಕೂತು ವಕೀಲರ ಹಾಗೆ ಪ್ರಶ್ನೆ ಹಾಕಿದರು. ಕೇಳುವವರು ಸಿಕ್ಕಿದ ಸಂತೋಷಕ್ಕೆ ಅವನು ತನ್ನ ವಿದ್ಯೆಯನ್ನೆಲ್ಲ ಬಿಚ್ಚಿಟ್ಟ. ಧೂಳು ಅಂದರೆ ಮರಳೇ. ಒಣ ಬಟ್ಟೆ ಎಷ್ಟೇ ಮೆತ್ತಗಿರಲಿ, ಧೂಳು ಕೂತಮೇಲೆ ಅದು ಉಪ್ಪುಕಾಗದ. ಉದ್ದಕ್ಕೆ ಒರೆಸಿದರೆ ಅಷ್ಟು ಕಾಣುವುದಿಲ್ಲ, ಸುತ್ತಿಸಿದರೆ ಯಾವ ದಿಕ್ಕಿನಿಂದ ನೋಡಿದರೂ ಕಾಣುತ್ತದೆ. ಅದರಲ್ಲೂ ಕಪ್ಪು ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ.

"ಎಷ್ಟು ಸಲ ಒರೆಸಿದ್ರೆ ಹಿಂಗಾಗುತ್ತೆ?" ಅತ್ತೆಯ ದನಿ ಸಣ್ಣದಾಗಿತ್ತು.

"ಪಾಲಿಶ್ ಆದ ಕಪ್ಪಿಗೆ ಒಂದೇ ಸಲ ಸಾಕಮ್ಮ."

ಪಶ್ಚಾತ್ತಾಪ ಪಡುತ್ತಿದ್ದಾರೆ, ಪಾಪ, ಅಂದುಕೊಂಡಳು ಸೊಸೆ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಕಾರು ಬಾವಿಯ ನೀರಿನಂತಾಗಿತ್ತು. ಮೋಡ, ಕರೆಂಟಿನ ತಂತಿ, ತಂತಿಯ ಮೇಲಿನ ಕಾಗೆ, ಎಲ್ಲ ಅದರೊಳಗೆ. ಕಾರಿನ ಬಾಗಿಲಲ್ಲಿ ತನ್ನದೇ ಮುಖ ಕಂಡು ಸೊಸೆ, ಯಾರೋ ಬಂದರೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಪಾಲಿಶಿನವನು ಸಾಮಾನು ಕಟ್ಟಿಕೊಂಡು, ಗೀರು ಆಳವಾಗಿದ್ದರಿಂದ ಮೇಲಿನ ಪದರವನ್ನು ತುಂಬಾ ಸವೆಸಬೇಕಾಯಿತು ಎಂದ. ಆಮೇಲೆ ಯಾರ ಮುಖವನ್ನೂ ನೋಡದೆ, ಗೋಡೆಗೆ ಹೇಳಿದ: "ಇನ್ನು ಯಾರಾದ್ರೂ ಒರೆಸಿದ್ರೆ ನನ್ನ ಕರೀಬೇಡಿ. ಉಜ್ಜೋಕೆ ಏನೂ ಉಳಿದಿಲ್ಲ."

ಸೊಸೆ ಒಳಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದಳು. ಗಿರಾಕಿ ಆಗಲೇ ಹೊರಟಿದ್ದಾನಂತೆ, ಕೀಲಿಕೈ ತೆಗೆದಿಟ್ಟುಕೊಂಡಿರು ಎಂದ ಅಣ್ಣ. ಹೂಂ ಅಂದಳು. ಫೋನ್ ಇಟ್ಟು ಕಿಟಕಿಯತ್ತ ತಿರುಗಿದರೆ, ಅಂಗಳದಲ್ಲಿ ಅತ್ತೆ. ಅವರು ಗೇಟಿನ ಮೂಲೆಯಿಂದ ಒಂದು ಹಿಡಿ ಮಣ್ಣು ತಂದು, ಹಿಟ್ಟು ಉದುರಿಸಿದ ಹಾಗೆ ಬಾನೆಟ್ಟಿನ ಉದ್ದಗಲಕ್ಕೂ ಉದುರಿಸಿದರು. ದಿಕ್ಕು ದಿಕ್ಕಿಗೆ ಕಣ್ಣು ಹಾಯಿಸಿದರು. ಬನಿಯನ್ ಮಡಚಿ, ಹೇಳಿಕೊಟ್ಟಂತೆಯೇ, ಒಣ ಬಟ್ಟೆಯಲ್ಲಿ, ಸುತ್ತಿಸಿ ಸುತ್ತಿಸಿ ಒರೆಸತೊಡಗಿದರು.

ಸೊಸೆ ಕಿಟಕಿಯಲ್ಲೇ ನಿಂತಳು. ಕೂಗಬಹುದಿತ್ತು. ಅಡುಗೆಮನೆಗೆ ಹೋಗಿ, ಅಟ್ಟದಿಂದ ಡಬ್ಬ ಇಳಿಸುವ ಸ್ಟೂಲನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು.

ಅವಳನ್ನು ಕಂಡು ಅತ್ತೆ ಒರೆಸುವುದನ್ನು ನಿಲ್ಲಿಸಿದರು. ಅವಳು ಸ್ಟೂಲನ್ನು ಕಾರಿನ ಮಗ್ಗುಲಿಗೆ, ಮುಂದಿನ ಗಾಜಿನ ಹತ್ತಿರ ಇಟ್ಟಳು.

"ಟಾಪ್ ಬಿಟ್ಟುಹೋಗಿದೆ, ಅತ್ತೆ."

ಅತ್ತೆ ಅವಳ ಮುಖವನ್ನು ನೋಡಿದರು, ಸ್ಟೂಲನ್ನು ನೋಡಿದರು, ಇನ್ನೊಂದು ಹಿಡಿ ಮಣ್ಣು ತೆಗೆದುಕೊಂಡು ಹತ್ತಿದರು. ಸ್ಟೂಲು ಅಲ್ಲಾಡದಂತೆ ಸೊಸೆ ಒಂದು ಕೈಯಲ್ಲಿ ಹಿಡಿದುಕೊಂಡಳು. ಇನ್ನೊಂದು ಕೈ ಸುಮ್ಮನಿತ್ತು. ಬಾನೆಟ್ಟಿನ ಈ ಮೂಲೆಯಲ್ಲಿ ಇನ್ನೂ ಒರೆಸದ ಮಣ್ಣಿತ್ತು. ಅವಳು ಅದರ ಮೇಲೆ ಬೆರಳಿಟ್ಟು ಒಂದು ಗುಂಡು ಮುಖ ಬರೆದಳು, ಎರಡು ಕಿವಿ ಬರೆದಳು, ಮೀಸೆ ಬರೆದಳು.

"ಕಿವಿ ಸಣ್ಣ ಆಯ್ತು ಕಣೇ," ಎಂದರು ಅತ್ತೆ, ಮೇಲಿನಿಂದ.