ಕಡಲು ಹೂಂ ಅಂದದ್ದು

ವಿಡಿಯೊ ಸಭೆಯನ್ನು ರೆಕಾರ್ಡ್ ಮಾಡುವ ಮುಂಚೆ ಪರದೆಯಲ್ಲಿ ಕಾಣುವ ಎಲ್ಲರ ಒಪ್ಪಿಗೆ, ಎಲ್ಲದರ ಒಪ್ಪಿಗೆ ಕೇಳಬೇಕೆಂದು ಕಾನೂನಿತ್ತು. ಬಂದರು ಸಮಿತಿಯ ಗುಮಾಸ್ತೆ ರೇವತಿ ಹರಿಕಂತ್ರ ಎಂದಿನಂತೆ ಕೇಳುತ್ತಾ ಹೋದಳು. ಸದಸ್ಯರೆಲ್ಲ ಒಪ್ಪಿದರು. ಅಧ್ಯಕ್ಷ ಶಾನಭಾಗರ ಮನೆಯ ಬೆಕ್ಕು ಸುಮ್ಮನಿತ್ತು, ಹಾಗಾಗಿ ಪರದೆಯಲ್ಲಿ ಅದು ಮಲಗಿದ್ದ ಜಾಗ ಬೆಳ್ಳಗೆ ಮರೆಯಾಯಿತು.

"ಕಡಲು?" ಎಂದಳು ರೇವತಿ. ಹನ್ನೊಂದು ವರ್ಷಗಳಿಂದ ಉತ್ತರವಿಲ್ಲದೆ ಅವಳ ಬೆನ್ನ ಹಿಂದಿನ, ಕಡಲು ಕಾಣುವ ಕಿಟಕಿ ಪರದೆಯಲ್ಲಿ ಬೆಳ್ಳಗೇ ಉಳಿದಿತ್ತು.

"ಅದೆಲ್ಲಿ ಮಾತಾಡ್ತದೆ? ಮುಂದೆ ನಡೆಸು," ಎಂದರು ಶಾನಭಾಗರು. ನಲವತ್ತು ಎಕರೆ ಕಡಲಿಗೆ ಕಲ್ಲು ಸುರಿದು ಮುಚ್ಚುವ ಠರಾವು ಅಂದೇ ಆಗಬೇಕಿತ್ತು.

ಆಗ ಕಿಟಕಿಯಾಚೆಯಿಂದ, ನೆಲದಡಿಯಿಂದ ಎದ್ದು ಬಂದಂತೆ, ಕೇಳಿಸಿತು: "ಹೂಂ."

ಮೊದಲು ಶಾನಭಾಗರೇ ಸಾವರಿಸಿಕೊಂಡರು. "ಒಳ್ಳೇದೇ ಆಯ್ತು. ಮುಚ್ಚೋದಕ್ಕೂ ಕಡಲಿನ ಒಪ್ಪಿಗೆ ಇದೆ ಅಂತ ಬರ್ಕೊ ಮಾರಾಯ್ತಿ."

ರೇವತಿ ಬರೆದುಕೊಳ್ಳಲಿಲ್ಲ. ಆ ಹೂಂ ಅವಳಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅಜ್ಜಿ ಕತೆ ಹೇಳುವಾಗ, ನಿದ್ದೆ ಬಂದಿಲ್ಲ ಎಂದು ತಿಳಿಸಲು ತಾನೇ ಹಾಕುತ್ತಿದ್ದ ಹೂಂ ಅದು.

"ಸರ್, ಇದು ಒಪ್ಪಿದ ಹೂಂ ಅಲ್ಲ. ಕತೆ ಕೇಳುವವರು ಹಾಕುವ ಹೂಂ."

"ಅಂದ್ರೆ?"

"ಕೇಳಿಸಿಕೊಳ್ತಾ ಇದೆ, ಅಷ್ಟೇ."

ಶಾನಭಾಗರು ಹೆಗಲ ಮೇಲಿನ ಟವೆಲನ್ನು ತಮಗೇ ತಿಳಿಯದಂತೆ ಕೈಗೆ ತೆಗೆದುಕೊಂಡರು. ರೇವತಿಯ ಬೆನ್ನ ಹಿಂದಿನ ಕಿಟಕಿಯನ್ನು ನೋಡುತ್ತಾ ದನಿ ತಗ್ಗಿಸಿದರು.

"ಹಾಗಾದ್ರೆ, ಇಷ್ಟು ವರ್ಷ ನಾವು ಇಲ್ಲಿ ಮಾತಾಡಿದ್ದೆಲ್ಲ... ಅವರಿಗೆ ಕೇಳಿಸಿದೆಯಾ?"

ರೇವತಿ ಬಾಯಿ ತೆರೆಯುವ ಮೊದಲೇ ಅವಳ ಬೆನ್ನ ಹಿಂದಿನಿಂದ ಉತ್ತರ ಬಂತು.

"ಹೂಂ."