ಬಿಡುಗಡೆಯ ಬುದ್ಧಿಮಾತು

ವ್ಯಸನಮುಕ್ತಿ ಕೇಂದ್ರದಿಂದ ಅಂದು ಹೊರಡಲಿದ್ದವನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಲೇ ನರ್ಸ್ ವಿನೋದಿನಿ ಬುದ್ಧಿಮಾತು ಶುರು ಮಾಡಿದ್ದಳು. ಮೂರು ತಿಂಗಳು ಹೆರಾಯಿನ್ ಬಿಟ್ಟ ಮೈ ಹಳೆಯ ಪ್ರಮಾಣವನ್ನು ತಾಳದು, ಉಸಿರೇ ನಿಂತೀತು ಎಂಬ ಎಚ್ಚರಿಕೆಯನ್ನು ಅವಳು ಹೊರಡುವ ಯಾರಿಗೂ ಹೇಳದೆ ಬಿಟ್ಟವಳಲ್ಲ. ಅವಳ ಮಗ ಕಿಶನ್ ಚಿಕಿತ್ಸೆ ಮುಗಿಸಿ ಬಂದ ವಾರದಲ್ಲೇ ತಾರಸಿಯ ಕೋಣೆಯೊಂದರಲ್ಲಿ ಹೆಣವಾಗಿ ಸಿಕ್ಕಿದ್ದ. ಯಾರೋ ಹೊರಗಿನಿಂದ ಚಿಲಕ ಹಾಕಿ ಹೋಗಿದ್ದರು.

"ಮೊದಲನೇದು, ಹಳೇ ದೋಸ್ತಿಗಳ ಹತ್ರ ಸುಳೀಬೇಡ. ಎರಡನೇದು..."

"ದೋಸ್ತಿಗಳೆಲ್ಲಿದ್ದಾರೆ ಸಿಸ್ಟರ್? ಕಿಶನ್ ಅಂತ ಒಬ್ಬನಿದ್ದ. ಹೀಗೇ ಚಿಕಿತ್ಸೆ ಮುಗಿಸಿ ಬಂದವನಿಗೆ ನಮ್ಮ ತಾರಸಿ ರೂಮಲ್ಲಿ ನಾನೇ ಪಾರ್ಟಿ ಕೊಟ್ಟೆ. ಸೂಜಿ ಚುಚ್ಚಿಕೊಂಡವನು ತುಟಿ ನೀಲಿಯಾಗಿ ಗೊರಕೆ ಹೊಡೆಯೋಕೆ ಶುರು ಮಾಡಿದ. ಪೊಲೀಸು ಗಿಲೀಸು ಯಾಕೆ ಬೇಕು ಅಂತ ಚಿಲಕ ಹಾಕಿ ಓಡಿಬಿಟ್ಟೆ," ಎಂದು ಅವನು ನಕ್ಕ.

ಅವಳ ಕೈ ಅಂಗಿಯ ಮೇಲೆ ನಿಂತಿತು.

"ಮುಂಚೆ ದಿನಾ ಅಷ್ಟೇ ತಗೋತಿದ್ದ ಸಿಸ್ಟರ್. ಆವತ್ತು ಮಾತ್ರ ಹೆಂಗೆ ಸತ್ತ? ಮಾಲೇ ಕಲಬೆರಕೆ ಇದ್ದಿರಬೇಕು, ಅಲ್ವಾ?"

ವಿನೋದಿನಿ ಅಂಗಿಯನ್ನು ನೀಟಾಗಿ ಮಡಚಿಟ್ಟು, ಚೀಲದ ಜಿಪ್ ಎಳೆದಳು.

"ಹೌದಪ್ಪ," ಎಂದಳು, "ಮಾಲೇ ಸರಿಯಿರಲಿಲ್ಲ."