ಮುಚ್ಚಂಜೆಯ ಕೊನೆಯ ದಿನ

ಹತ್ತು ವರ್ಷ ಯಾವ ಪುಸ್ತಕದಲ್ಲೂ ಅಚ್ಚಾಗದ ಪದವನ್ನು ಪದ ಕಚೇರಿ ಹೊಡೆದುಹಾಕುತ್ತಿತ್ತು. ಮರುದಿನದಿಂದ ಎಷ್ಟು ತಿಣುಕಿದರೂ ಯಾರ ನಾಲಿಗೆಯೂ ಅದಕ್ಕೆ ಹೊರಳುತ್ತಿರಲಿಲ್ಲ. ಹೋದ ವರ್ಷ ರೊಟ್ಟಿ ಬಡಿಯುವ ಸದ್ದಿಗಿದ್ದ ಪದ ಹೋದ ಮೇಲೆ ಧಾರವಾಡದ ಹೆಂಗಸರು ಕೈ ಆಡಿಸಿ ತೋರಿಸುತ್ತಿದ್ದರು. ಈ ವರ್ಷದ ಪಟ್ಟಿಯಲ್ಲಿ ಹಗಲು ಇರುಳು ಕೂಡುವ ಹೊತ್ತಿಗಿದ್ದ ‘ಮುಚ್ಚಂಜೆ’ ಇತ್ತು. ಇವತ್ತೇ ಅದರ ಕೊನೆಯ ದಿನ.

ಶಾಂಭವಿ ಕಲಕೋಟಿ ತಮ್ಮ ಹೊಸ ಪುಸ್ತಕವನ್ನು ಕಚೇರಿಯ ಗುಮಾಸ್ತ ಹಳೇಮನಿಯ ಮುಂದಿಟ್ಟರು. ಅವರು ಬರೆದ ಆರು ಕಾದಂಬರಿಗಳಿಗೆ ಹಾರ ತುರಾಯಿ ಸಿಕ್ಕಿದ್ದವು. ಫ್ರೆಂಚಿನಿಂದ ಕನ್ನಡಕ್ಕೆ ತಂದ ಹನ್ನೊಂದನ್ನು ಮಾತ್ರ ಜನ ಬಿಡುವಿನ ಕೆಲಸವೆಂದೇ ತಿಳಿದಿದ್ದರು.

“ಇದು ಅನುವಾದ ಐತಲ್ರಿ ಮೇಡಂ. ಮಂದಿ ಕಥಿ, ಲೆಕ್ಕಕ್ಕ ಬರೂದಿಲ್ರಿ.”

“ಕಥಿ ಅವರದು ಖರೆ. ಮಾತು ಯಾರದು? ನಲವತ್ತೆರಡನೇ ಪುಟ ಜೋರಾಗಿ ಓದ್ರಿ.”

ಹಳೇಮನಿ ಓದಿದ: “ಮುಚ್ಚಂಜೆಯಾಗಿತ್ತು. ಮುದುಕಿ ದೀಪ ಹಚ್ಚದೆ ಮಗಳ ಮುಖವನ್ನು ಬೆರಳಿನಿಂದಲೇ ನೋಡುತ್ತಿದ್ದಳು.” ಓದಿ ಆ ಸಾಲಿನ ಮೇಲೆ ಬೆರಳಾಡಿಸಿದ.

“ಕಣ್ಣು ಹೋದ ಮ್ಯಾಲೆ ನಮ್ಮವ್ವ ಹಿಂಗ ನೋಡ್ತಿದ್ಲರಿ. ಈಕಿ ಫ್ರಾನ್ಸಿನ ಮುದುಕಿ ಅನಸೂದಿಲ್ಲ.”

“ಆ ಸಾಲಿಗೆ ಮೂರು ತಿಂಗಳು ಹುಡುಕೀನಿ. ಬ್ಯಾರೆ ಯಾವ ಶಬ್ದಾನೂ ಕೂಡಲಿಲ್ಲ.”

ಹಳೇಮನಿ ಪಟ್ಟಿಯಿಂದ ಪದವನ್ನು ತೆಗೆದು, ಉಳಿಸಿದವರ ಹೆಸರು ಬರೆಯಲು ಪೆನ್ನೆತ್ತಿದ. “ಕಾದಂಬರಿಕಾರ್ತಿ ಅಂತ ಬರೀಲೇನ್ರಿ?”

ಶಾಂಭವಿ ಬೆನ್ನು ನೆಟ್ಟಗೆ ಮಾಡಿ ನಿಂತರು.

“ಅನುವಾದಕಿ ಅಂತ ಬರೀರಿ.”